ಟಾಪ್-ಬ್ರೇಕ್ ಮತ್ತು ಸೈಡ್-ಸ್ವಿಂಗ್: ಎರಡು .32 ರಿವಾಲ್ವರ್‌ಗಳೊಂದಿಗೆ ಮೂರು ವರ್ಷ

ಗಂಗಾವತಿಯಲ್ಲಿ ಅಕ್ಕಿ ಗಿರಣಿ ನಡೆಸುವ ನನ್ನ ಪರವಾನಗಿಯಲ್ಲಿ ಎರಡು .32 (ನಳಿಗೆಯ ಒಳ ಅಳತೆ ಸುಮಾರು 0.32 ಇಂಚು) ರಿವಾಲ್ವರ್‌ಗಳು ನಮೂದಾಗಿವೆ. ಒಂದು ಅಪ್ಪನ ನಂತರ ನನ್ನ ಹೆಸರಿಗೆ ಬಂದ ಹಳೆಯ ವಿದೇಶಿ ರಿವಾಲ್ವರ್. ತೋಟಾ ತುಂಬುವ ಅದರ ಸಿಲಿಂಡರ್ ಎಡಪಕ್ಕಕ್ಕೆ ಹೊರಳಿ ತೆರೆದುಕೊಳ್ಳುತ್ತದೆ; ಇದೇ ಸೈಡ್-ಸ್ವಿಂಗ್. ಇನ್ನೊಂದು ಮೂರು ವರ್ಷದ ಹಿಂದೆ ನಾನೇ ಕೊಂಡ, ನಮ್ಮ ದೇಶದಲ್ಲೇ ತಯಾರಾದ ಟಾಪ್-ಬ್ರೇಕ್. ಮೇಲಿನ ಕೊಕ್ಕೆ ಬಿಡಿಸಿದರೆ ನಳಿಗೆ ಮುಂದಕ್ಕೆ ಬಾಗಿ, ಆರೂ ತೋಟಾಗಳನ್ನು ಎಕ್ಸ್‌ಟ್ರಾಕ್ಟರ್ ಒಟ್ಟಿಗೆ ಮೇಲೆತ್ತುತ್ತದೆ. ಇದನ್ನು ಕೊಂಡದ್ದಕ್ಕೆ ನನಗೆ ಒಂದು ದಿನವೂ ಬೇಸರವಾಗಿಲ್ಲ.

1870ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸನ್ ಮಾಡೆಲ್ 3ರಿಂದ ಹೆಸರಾದ ಈ ಟಾಪ್-ಬ್ರೇಕ್ ವಿನ್ಯಾಸವನ್ನು 1887ರಲ್ಲಿ ವೆಬ್ಲಿ ಕಂಪನಿಯ ರಿವಾಲ್ವರಿನ ರೂಪದಲ್ಲಿ ಬ್ರಿಟಿಷ್ ಸೈನ್ಯ ಒಪ್ಪಿಕೊಂಡಿತು. ಈಗ ಪಶ್ಚಿಮ ದೇಶಗಳಲ್ಲಿ ಹಳೆಯ ಮಾದರಿಯ ಟಾಪ್-ಬ್ರೇಕ್ ಬೇಕೆಂದರೆ ಇಟಲಿಯ ಉಬೆರ್ಟಿಯಂಥವರು ಮಾಡುವ ಪ್ರತಿಕೃತಿಗಳತ್ತ ನೋಡಬೇಕು. ನಮ್ಮಲ್ಲಿ ಅದು ನಿಂತೇ ಇಲ್ಲ. ಕಾನ್ಪುರದಿಂದ 2014ರಲ್ಲಿ ಬಂದ ‘ನಿರ್ಭೀಕ್’ ರಿವಾಲ್ವರ್ ಕೂಡ ಟಾಪ್-ಬ್ರೇಕ್; 2023ರಲ್ಲಿ ಅದೇ ಊರಿನಿಂದ ಬಂದ ‘ಪ್ರಬಲ್’ ಸೈಡ್-ಸ್ವಿಂಗ್ ಎಂಬುದೇ ನಮಗೆ ಹೊಸ ಸುದ್ದಿಯಾಯಿತು. ಹೊರದೇಶದವರು ಪ್ರತಿಕೃತಿಯಲ್ಲಾದರೂ ಬಯಸುವ ಈ ವಿನ್ಯಾಸವನ್ನು ನಾವು ಹಳತೆಂದು ಬದಿಗಿಡಲು ಹೊರಟಿರುವುದು ನನಗೆ ಸರಿ ಕಾಣುವುದಿಲ್ಲ.

ಟಾಪ್-ಬ್ರೇಕ್ ದುರ್ಬಲ ಎಂಬ ಆಕ್ಷೇಪಕ್ಕೆ ಆಧಾರವಿದೆ, ಏಕೆಂದರೆ ಗುಂಡು ಸಿಡಿದಾಗಿನ ಒತ್ತಡವೆಲ್ಲ ಒಂದು ಕೀಲು ಮತ್ತು ಒಂದು ಕೊಕ್ಕೆಯ ಮೇಲೆ ಬೀಳುತ್ತದೆ. ಆದರೆ .357 ಮ್ಯಾಗ್ನಮ್ ಎಂಬ ಜೋರಾದ ತೋಟಾದ ಗರಿಷ್ಠ ಒತ್ತಡ 35,000 ಪಿಎಸ್ಐ (ಚದರ ಇಂಚಿಗೆ ಪೌಂಡ್) ಇದ್ದರೆ, .32 ಲಾಂಗ್ ತೋಟಾದ್ದು 15,000 ಮಾತ್ರ. .357ಕ್ಕೆಂದೇ ರಷ್ಯಾದಲ್ಲಿ ರೂಪಿಸಿದ ಎಂಪಿ-412 ಎಂಬ ಟಾಪ್-ಬ್ರೇಕ್ ಮಾರುಕಟ್ಟೆಗೆ ಬರಲೇ ಇಲ್ಲ. .38 ನಿಷೇಧಿತ ಬೋರ್ (ಸಾಮಾನ್ಯ ಪರವಾನಗಿಗೆ ಸಿಗದ ನಳಿಗೆ ಅಳತೆ) ಆಗಿರುವ ನಮ್ಮಲ್ಲಿ, ಸಾಮಾನ್ಯ ಪರವಾನಗಿದಾರನ ಕೈಗೆ ಬರುವ .32ಕ್ಕೆ ಈ ಕೀಲು ಧಾರಾಳವಾಗಿ ಸಾಕು.

ನನ್ನನ್ನು ನಿಜವಾಗಿ ಕಾಡಿದ್ದು ಬೇರೆಯದೇ ತೊಡಕು. ಮೊದಲ ಸಲ ಅನುಮತಿ ಪಡೆದು ಅಭ್ಯಾಸ ಮೈದಾನಕ್ಕೆ ಹೋದಾಗ, ಖಾಲಿ ತೋಟಾಗಳ ಲೆಕ್ಕ ಒಪ್ಪಿಸಬೇಕೆಂದಿದ್ದರಿಂದ, ಒಂದೂ ಹುಲ್ಲಿನಲ್ಲಿ ಕಳೆಯದಿರಲೆಂದು ನಳಿಗೆಯನ್ನು ನೆಲದತ್ತ ಹಿಡಿದು ನಿಧಾನವಾಗಿ ತೆರೆದೆ. ನಕ್ಷತ್ರದಾಕಾರದ ಎಕ್ಸ್‌ಟ್ರಾಕ್ಟರ್ ಮೇಲೆದ್ದಿತು, ಐದು ತೋಟಾಗಳು ಅಂಗೈಗೆ ಬಂದವು. ಆರನೆಯದು ಅಂಚು ಜಾರಿ ಎಕ್ಸ್‌ಟ್ರಾಕ್ಟರಿನ ಕೆಳಗೆ, ತನ್ನ ಗೂಡಿನೊಳಕ್ಕೇ ವಾಪಸು ಇಳಿಯಿತು. ಅದರ ಮೇಲೆ ಎಕ್ಸ್‌ಟ್ರಾಕ್ಟರ್ ಕೂತುಬಿಟ್ಟಿದ್ದರಿಂದ ರಿವಾಲ್ವರ್ ಮುಚ್ಚಲೂ ಇಲ್ಲ, ತೋಟಾ ಈಚೆ ಬರಲೂ ಇಲ್ಲ. ಎಕ್ಸ್‌ಟ್ರಾಕ್ಟರನ್ನು ಒಂದು ಕೈಯಿಂದ ಪೂರ್ತಿ ಮೇಲೆತ್ತಿ ಹಿಡಿದು, ಬೇವಿನ ಕಡ್ಡಿಯಿಂದ ಕೆದಕಿ ತೆಗೆಯುವಷ್ಟರಲ್ಲಿ ಬೆವರಿಳಿದಿತ್ತು.

ಮೋಸ ಹೋದೆನೆಂದೇ ಆಗ ಅನ್ನಿಸಿತ್ತು. ಪಕ್ಕದಲ್ಲಿ ನಿಂತಿದ್ದ ನಿವೃತ್ತ ಹವಾಲ್ದಾರರೊಬ್ಬರು ನೋಡಿ, “ಸಾವ್ಕಾರ್ರ, ಮೆಲ್ಲಕ ತೆರೀಬ್ಯಾಡ್ರಿ. ಹೊರಳಿಸಿ ಹಿಡಿದು ಒಮ್ಮೆಲೇ ಝಾಡಿಸಿ ತೆರೀರಿ” ಎಂದರು. ಇದು ಯಾವುದೋ ಒಂದು ಕಂಪನಿಯ ದೋಷವಲ್ಲ, ಈ ವಿನ್ಯಾಸಕ್ಕೇ ಅಂಟಿಕೊಂಡ ಗುಣ: ಸಿಲಿಂಡರಿನ ಹಿಂಬದಿ ಆಕಾಶ ನೋಡುತ್ತಿದ್ದರೆ ತೋಟಾ ಮರಳಿ ಒಳಗೆ ಬೀಳುತ್ತದೆ, ಓರೆಯಾಗಿಸಿ ಜೋರಾಗಿ ತೆರೆದರೆ ಹೊರಗೆ ಹಾರುತ್ತದೆ. ಅಂದಿನಿಂದ ಮೈದಾನಕ್ಕೆ ಹೋಗುವಾಗ ಒಂದು ಹಳೆಯ ಪಂಚೆ ಒಯ್ದು ನೆಲಕ್ಕೆ ಹಾಸುತ್ತೇನೆ. ತೋಟಾಗಳು ಅದರ ಮೇಲೇ ಬೀಳುತ್ತವೆ, ಲೆಕ್ಕವೂ ತಪ್ಪುವುದಿಲ್ಲ. ಅಪ್ಪನ ಸೈಡ್-ಸ್ವಿಂಗ್‌ನಲ್ಲೂ ಇಂಥ ಕಾಟ ಇಲ್ಲವೆಂದಲ್ಲ. ಅದರ ಗಿಡ್ಡ ತಳ್ಳುಕಡ್ಡಿಯನ್ನು ಪೂರ್ತಿ ಒತ್ತಿದರೂ ಒಂದೆರಡು ತೋಟಾಗಳು ಅರ್ಧಕ್ಕೇ ನಿಲ್ಲುತ್ತವೆ, ಉಗುರಿನಿಂದ ಎಳೆಯಬೇಕು.

ಟ್ರಿಗರ್ ಮಾತ್ರ ಅಪ್ಪನದೇ ನಯ. ಗುರಿಯಲ್ಲಿ, ಹದಿನೈದು ಮೀಟರಿಗೆ ನನ್ನ ಕೈಯಲ್ಲಿ ಎರಡೂ ಒಂದೇ.

ನಾನು ಗುಂಡು ಹಾರಿಸುವುದು ವರ್ಷಕ್ಕೆ ಒಂದೆರಡು ದಿನ. ತೆರೆದು, ಒರೆಸಿ, ಖಾಲಿ ಇದೆಯೇ ಎಂದು ನೋಡುವುದು ವಾರವಾರವೂ. ಗಿರಣಿಯ ಹೊಟ್ಟಿನ ಧೂಳು ಎಣ್ಣೆಗೆ ಅಂಟಿ ಎಕ್ಸ್‌ಟ್ರಾಕ್ಟರಿನ ಅಡಿ ಕೂತರೆ ಸಿಲಿಂಡರ್ ಬಿಗಿಯುತ್ತದೆ. ಟಾಪ್-ಬ್ರೇಕ್‌ನಲ್ಲಿ ಆ ಜಾಗ ಕಣ್ಣೆದುರೇ ತೆರೆದಿರುತ್ತದೆ, ನಳಿಗೆಯೊಳಕ್ಕೂ ಹಿಂದಿನಿಂದಲೇ ನೇರವಾಗಿ ಕಡ್ಡಿ ಹಾಯುತ್ತದೆ. 2024ರ ಲೋಕಸಭಾ ಚುನಾವಣೆಗೆ ಮುನ್ನ ಎರಡನ್ನೂ ಠಾಣೆಗೆ ಜಮಾ ಮಾಡಲು ಹೋದಾಗ, ಟಾಪ್-ಬ್ರೇಕನ್ನು ಒಮ್ಮೆ ಬಾಗಿಸಿ ಮೇಜಿನ ಮೇಲಿಟ್ಟೆ. ಆರೂ ಗೂಡುಗಳಿಂದ ಬೆಳಕು ಕಾಣುತ್ತಿತ್ತು, ಬರೆದುಕೊಳ್ಳುತ್ತಿದ್ದವರು ಎರಡನೇ ಪ್ರಶ್ನೆ ಕೇಳಲಿಲ್ಲ.

ಖರ್ಚಿನ ವಿಷಯಕ್ಕೆ ಬಂದರೆ, ಅಪ್ಪನದರಲ್ಲಿ ಒಂದು ಸ್ಪ್ರಿಂಗ್ ಮುರಿದಾಗ ಬಿಡಿಭಾಗ ಎಲ್ಲೂ ಸಿಗದೆ, ಕುಶಲಕರ್ಮಿಯೊಬ್ಬರಿಂದ ಕೈಯಲ್ಲೇ ಅರದಿಂದ ಉಜ್ಜಿ ಮಾಡಿಸಬೇಕಾಯಿತು. ಅಪ್ಪನ ನೆನಪಿಗೆ ಅದನ್ನು ಇಟ್ಟುಕೊಂಡಿದ್ದೇನೆಯೇ ಹೊರತು ಮೈದಾನಕ್ಕೆ ಒಯ್ಯುವುದಿಲ್ಲ. ನಮ್ಮ ತಯಾರಕರು ಇದೇ ಟಾಪ್-ಬ್ರೇಕ್‌ಗೆ ಇನ್ನೂ ಎರಡು ಇಂಚು ಉದ್ದದ ನಳಿಗೆ, ಗುರಿ ಹಿಡಿಯಲು ತಿರುಪಿನಿಂದ ಹೊಂದಿಸಬಹುದಾದ ಹಿಂದಿನ ಸೈಟ್ ಕೊಟ್ಟರೆ, ಪರವಾನಗಿಯಲ್ಲಿ ಅಪ್ಪನದರ ಜಾಗವನ್ನು ತೆರವು ಮಾಡಿಯಾದರೂ ಅದನ್ನು ಕೊಳ್ಳುತ್ತೇನೆ.