ವಿಪಿಎಸ್‌ಗೆ ದುಡ್ಡು ಕಟ್ಟುವ ಮುಂಚೆ ಕೇಳಿ: ಕರ್ನಲ್ ಯಾರದ್ದು?

ಕಡಿಮೆ ರೇಟಿಗೆ ಸಿಗುತ್ತದೆ ಅಂತ ವಿಪಿಎಸ್ (ದೊಡ್ಡ ಸರ್ವರ್‌ನಲ್ಲಿ ಬಾಡಿಗೆಗೆ ಸಿಗುವ ಒಂದು ಪಾಲು) ತೆಗೆದುಕೊಳ್ಳಲು ಹೊರಟವರು ಇದನ್ನು ದಯವಿಟ್ಟು ಪೂರ್ತಿ ಓದಿ. ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಮೆಮರಿ ಹಂಚುವುದು, ಪ್ರೋಗ್ರಾಂ ಓಡಿಸುವುದು ಎಲ್ಲ ಅದೇ. ನಾನು ಶಿರಸಿಯಲ್ಲಿ ಅಡಿಕೆ ವಖಾರಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವವನು. ಮೊನ್ನೆ ಕುಮಟಾದಿಂದ ಪರಿಚಯದ ಹುಡುಗನೊಬ್ಬ ಫೋನ್ ಮಾಡಿದ. "ಅಣ್ಣಾ, 4 ಜಿಬಿ ರ‍್ಯಾಮ್ ಅರ್ಧ ರೇಟಿಗೆ ಸಿಕ್ಕಿತು, ಮೂರು ವರ್ಷದ ದುಡ್ಡು ಒಟ್ಟಿಗೇ ಕಟ್ಟಿಬಿಟ್ಟೆ" ಅಂದ. ಕೇಳಿ ಹೊಟ್ಟೆ ಚುರ್ ಅಂತು. ನಾನೂ ಹೀಗೇ ಕಟ್ಟಿದ್ದೆ.

2020ರ ಜನವರಿ. ಅಡಿಕೆ ಸುಗ್ಗಿ, ಅದರ ಮೇಲೆ ಮಾರಿಕಾಂಬಾ ಜಾತ್ರೆಯ ವರ್ಷ. ಜಾತ್ರೆ ಖರ್ಚಿಗೆ ಅಂತ ಜನ ಚಾಲಿ, ರಾಶಿ ಅಂತ ಎಲ್ಲ ಬಗೆಯ ಅಡಿಕೆ ತಂದು ಮಾರುವ ಹೊತ್ತು. ಒಂದು ವಖಾರಿಯ ತೂಕದ ಚೀಟಿ, ಲೆಕ್ಕ ಎಲ್ಲವನ್ನೂ ನಾನು ಹೊಸ ವಿಪಿಎಸ್ ಮೇಲೆ ಹಾಕಿದ್ದೆ. ಬೆಳಿಗ್ಗೆ ಸಲೀಸಾಗಿ ಓಡುತ್ತಿತ್ತು. ಮಧ್ಯಾಹ್ನ ಟೆಂಡರ್ ಮುಗಿದು ಎಲ್ಲರೂ ಒಟ್ಟಿಗೆ ಕೂತರೆ ಚೀಟಿ ಬರುವುದೇ ನಿಂತುಬಿಡುತ್ತಿತ್ತು. "ತಮಾ, ಹತ್ತು ಜನ ಚೀಟಿಗೆ ನಿಂತಿದ್ದಾರೆ, ಏನು ಹೇಳಲಿ ಇವರಿಗೆ?" ಅಂತ ವಖಾರಿ ಯಜಮಾನರು ಫೋನ್ ಮಾಡಿದರು. ಹಳ್ಳಿಯಿಂದ ಗಾಡಿ ಬಾಡಿಗೆ ಕೊಟ್ಟು ಬಂದವರು ಅವರು. ನನ್ನ ತಪ್ಪಿಗೆ ಅವರು ಕಾಯಬೇಕಾಯಿತು.

ಸರ್ವರ್ ಒಳಗೆ ಹೋಗಿ ನೋಡಿದರೆ 4 ಜಿಬಿಯಲ್ಲಿ 2 ಜಿಬಿಗಿಂತ ಜಾಸ್ತಿ ಖಾಲಿ ಇತ್ತು. ಆದರೂ ಲಾಗ್ ತುಂಬ ಒಂದೇ ಸಾಲು: 'ಕೆನಾಟ್ ಅಲೊಕೇಟ್ ಮೆಮರಿ'. ಮೆಮರಿ ಇದೆ, ಆದರೆ ಕೊಡುವುದಿಲ್ಲ ಅಂತಿದೆ! ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಸೇರಿಸೋಣ ಅಂದರೆ ರೂಟ್, ಅಂದರೆ ಪೂರ್ತಿ ಅಧಿಕಾರದ ಬಳಕೆದಾರ, ಆಗಿದ್ದರೂ ಅನುಮತಿ ಇಲ್ಲ. ಡಾಕರ್ (ಪ್ರೋಗ್ರಾಂಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟು ಓಡಿಸುವ ಸಾಫ್ಟ್‌ವೇರ್) ಹಾಕಿ ನೋಡೋಣ ಅಂದರೆ ಅದೂ ಏಳಲಿಲ್ಲ. ಕೊನೆಗೆ ಕರ್ನಲ್ ಆವೃತ್ತಿ ತೋರಿಸುವ 'ಯುನೇಮ್ ಆರ್' ಕಮಾಂಡ್ ಕೊಟ್ಟೆ. ಕರ್ನಲ್ 2.6.32 ಅಂತ ಬಂತು. ಅದು 2009ರಲ್ಲಿ ಬಂದ ಕರ್ನಲ್. ಡಾಕರ್‌ಗೆ ಕಡಿಮೆ ಅಂದರೂ 3.10 ಬೇಕು.

ಆಗ ಗೊತ್ತಾಯಿತು, ನಾನು ಕೊಂಡದ್ದು ಓಪನ್‌ವಿಜೆಡ್ ಕಂಟೈನರ್. 2005ರಲ್ಲಿ ಬಂದ ತಂತ್ರಜ್ಞಾನ. ನಾನು ಕೊಂಡ ಆ ಹಳೆಯ ಆವೃತ್ತಿಗೆ 2019ರ ನವೆಂಬರ್‌ನಲ್ಲೇ ಬೆಂಬಲ ಮುಗಿದಿತ್ತು. ಮುಗಿದು ಎರಡು ತಿಂಗಳಾದ ಮೇಲೆ ಅದನ್ನು ನನಗೆ ಮಾರಿದ್ದರು. ಪ್ಲಾನ್ ಪುಟದಲ್ಲಿ ಆ ಹೆಸರೇ ಇರಲಿಲ್ಲ. ಬರೀ 'ವಿಪಿಎಸ್' ಅಂತ ಇತ್ತು.

ಕಂಟೈನರ್ ಅಂದರೆ ಹಿಸ್ಸೆ ಆದ ಮನೆ ಇದ್ದ ಹಾಗೆ. ಗೋಡೆ ಬೇರೆ, ಬಾಗಿಲು ಬೇರೆ, ಬಾವಿ ಮಾತ್ರ ಒಂದೇ. ಆ ಬಾವಿಯೇ ಕರ್ನಲ್. ಅದು ಮೂಲ ಸರ್ವರ್ ಇಟ್ಟವರ ಕೈಯಲ್ಲಿ ಇರುತ್ತದೆ. ನೀವು ಅದನ್ನು ಬದಲಿಸಲು ಆಗುವುದಿಲ್ಲ, ಮಾಡ್ಯೂಲ್ ಸೇರಿಸಲೂ ಆಗುವುದಿಲ್ಲ. ಕೆವಿಎಂ ಅನ್ನುವ ಇನ್ನೊಂದು ಬಗೆ ಹಾಗಲ್ಲ. 2007ರಿಂದ ಅದು ಲಿನಕ್ಸ್ ಒಳಗೇ ಇದೆ. ಅದರಲ್ಲಿ ಪ್ರತಿ ವಿಪಿಎಸ್‌ಗೂ ಅದರದ್ದೇ ಕರ್ನಲ್. ಸ್ವಲ್ಪ ಭಾರ, ಸ್ವಲ್ಪ ಜಾಸ್ತಿ ಬೆಲೆ, ಅಷ್ಟೇ.

ಇನ್ನು ಆ ಮೆಮರಿ ವಿಷಯ. ಓಪನ್‌ವಿಜೆಡ್ ಒಳಗೆ 'ಪ್ರೊಕ್' ಫೋಲ್ಡರ್‌ನಲ್ಲಿ 'ಯೂಸರ್ ಬೀನ್‌ಕೌಂಟರ್ಸ್' ಅನ್ನುವ ಫೈಲ್ ಇರುತ್ತದೆ. ಅದರ ಕೊನೆಯ ಕಾಲಂ 'ಫೇಲ್‌ಕಂಟ್'. ಎಷ್ಟು ಸಲ ಕೇಳಿದ್ದು ಸಿಗಲಿಲ್ಲ ಅನ್ನುವ ಲೆಕ್ಕ ಅದು. ನನ್ನದರಲ್ಲಿ 'ಕೆಮೆಮ್‌ಸೈಜ್' ಸಾಲಿನ ಮುಂದೆ ಆ ಅಂಕಿ ನಾನು ನೋಡುತ್ತಿದ್ದ ಹಾಗೇ ಏರುತ್ತಿತ್ತು. ಅಂದರೆ, ರ‍್ಯಾಮ್ 4 ಜಿಬಿ ಕೊಟ್ಟಿದ್ದು ನಿಜ, ಆದರೆ ಕರ್ನಲ್ ಬಳಸುವ ಮೆಮರಿಗೆ ಬೇರೆಯೇ ಮಿತಿ ಹಾಕಿದ್ದರು. ಪ್ರತಿ ಚೀಟಿಗೂ ನನ್ನ ಪ್ರೋಗ್ರಾಂ ಹೊಸ ಪ್ರೊಸೆಸ್ ಎಬ್ಬಿಸಬೇಕು. ಜನ ಹೆಚ್ಚಾದ ತಕ್ಷಣ ಆ ಮಿತಿ ಮುಟ್ಟಿ, ಚೀಟಿ ನಿಲ್ಲುತ್ತಿತ್ತು. ಆ ರಾತ್ರಿ ವಖಾರಿಯ ಜಗಲಿ ಮೇಲೆ ಕೂತು, ಕೈಬರಹದ ಪುಸ್ತಕ ಇಟ್ಟುಕೊಂಡು, 43 ಚೀಟಿ ಮತ್ತೆ ಹೊಡೆದೆವು. ಒಂದು ಚೀಟಿಯಲ್ಲಿ ಬೆಟ್ಟೆ ಅಡಿಕೆಯನ್ನು ರಾಶಿ ಅಂತ ಬರೆದುಬಿಟ್ಟಿದ್ದೆ. ಯಜಮಾನರು ಹಿಡಿದರು. ಇಲ್ಲದಿದ್ದರೆ ಒಬ್ಬ ರೈತನ ಲೆಕ್ಕವೇ ತಪ್ಪುತ್ತಿತ್ತು.

ಮಾರಿದವರು ದುಡ್ಡು ವಾಪಸ್ ಕೊಡಲಿಲ್ಲ. ಇನ್ನೊಂದು ಕಡೆ ಕೆವಿಎಂ ತೆಗೆದುಕೊಂಡು, ಅದರೊಳಗೆ ಡಾಕರ್ ಹಾಕಿದೆ. ಇಲ್ಲೂ ಒಂದು ಹೊಂಡ ಇದೆ, ನೋಡಿಕೊಳ್ಳಿ. ಉಬುಂಟುವಿನ ಯುಎಫ್‌ಡಬ್ಲ್ಯು ಫೈರ್‌ವಾಲ್‌ನಲ್ಲಿ ಎಲ್ಲ ಪೋರ್ಟ್ (ಹೊರಗಿನಿಂದ ಸಂಪರ್ಕ ಬರುವ ಬಾಗಿಲು) ಮುಚ್ಚಿದ್ದೆ. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಡಾಕರ್ ಕಂಟೈನರ್‌ಗೆ ಸುಮ್ನೆ 3306 ಪೋರ್ಟ್ ಕೊಟ್ಟಿದ್ದೆ. ಡಾಕರ್ ತನ್ನದೇ ಐಪಿಟೇಬಲ್ಸ್ (ಲಿನಕ್ಸ್‌ನ ಒಳಗಿನ ಫೈರ್‌ವಾಲ್) ನಿಯಮ ಬರೆದುಕೊಳ್ಳುತ್ತದೆ, ಯುಎಫ್‌ಡಬ್ಲ್ಯು ಹೇಳಿದ್ದು ಅಲ್ಲಿ ನಡೆಯುವುದಿಲ್ಲ. ಹನ್ನೊಂದು ದಿನ ಡೇಟಾಬೇಸ್ ಇಡೀ ಇಂಟರ್ನೆಟ್‌ಗೆ ತೆರೆದಿತ್ತು. ಲಾಗ್‌ನಲ್ಲಿ ಯಾರ್ಯಾರದ್ದೋ ಲಾಗಿನ್ ಪ್ರಯತ್ನ. ಪಾಸ್‌ವರ್ಡ್ ಗಟ್ಟಿ ಇದ್ದದ್ದರಿಂದ ಉಳಿದುಕೊಂಡೆವು. ಪೋರ್ಟ್ ಕೊಡುವಾಗ ಮುಂದೆ 127.0.0.1 ಸೇರಿಸಿ, ಆಗ ಅದು ಆ ಸರ್ವರ್ ಒಳಗೆ ಮಾತ್ರ ಸಿಗುತ್ತದೆ. ಡೇಟಾವನ್ನು ಹೆಸರಿಟ್ಟ ವಾಲ್ಯೂಮ್‌ನಲ್ಲೇ (ಕಂಟೈನರ್‌ನ ಹೊರಗೆ ಉಳಿಯುವ ಜಾಗ) ಇಡಿ. ಕಂಟೈನರ್ ಅಳಿಸಿದರೆ ಅದರೊಳಗೆ ಬರೆದದ್ದೂ ಹೋಗುತ್ತದೆ.

ಕಂಟೈನರ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನನ್ನ ಆಫೀಸಿನ ಹಳೆಯ ಕಂಪ್ಯೂಟರ್‌ನಲ್ಲಿ ಎಲ್‌ಎಕ್ಸ್‌ಸಿ ಅನ್ನುವ ಕಂಟೈನರ್ ಹಾಕಿ ನಾಲ್ಕು ಸರ್ವಿಸ್ ಓಡಿಸುತ್ತಿದ್ದೇನೆ. ಹಗುರ, ಕ್ಷಣದಲ್ಲಿ ಏಳುತ್ತದೆ, ತುಂಬ ಇಷ್ಟ. ಆದರೆ ಅಲ್ಲಿ ಕರ್ನಲ್ ನನ್ನದು. ಹಳೆಯದಾದರೆ ನಾನೇ ಅಪ್‌ಡೇಟ್ ಮಾಡುತ್ತೇನೆ. ದುಡ್ಡು ಕೊಟ್ಟು ಇನ್ನೊಬ್ಬರಿಂದ ಕೊಳ್ಳುವಾಗ ಆ ಹಿಡಿತ ಇರುವುದಿಲ್ಲ, ಅಲ್ವಾ? ಅದಕ್ಕೇ ಕರ್ನಲ್ ಯಾರದ್ದು ಅಂತ ಮೊದಲು ಕೇಳಿ, ಉತ್ತರವನ್ನು ಇಮೇಲ್‌ನಲ್ಲೇ ತರಿಸಿಕೊಳ್ಳಿ. ಒಂದು ತಿಂಗಳಿಗೆ ಮಾತ್ರ ಕಟ್ಟಿ. ಸರ್ವರ್ ಸಿಕ್ಕ ಕೂಡಲೇ 'ಸಿಸ್ಟಮ್‌ಡಿ-ಡಿಟೆಕ್ಟ್-ವರ್ಟ್' (systemd-detect-virt) ಅಂತ ಕಮಾಂಡ್ ಕೊಡಿ. ಓಪನ್‌ವಿಜೆಡ್, ಎಲ್‌ಎಕ್ಸ್‌ಸಿ, ಕೆವಿಎಂ, ಯಾವುದು ಅಂತ ಒಂದೇ ಪದದಲ್ಲಿ ಹೇಳುತ್ತದೆ.

ಕುಮಟಾದ ಹುಡುಗನಿಗೂ ಫೋನಿನಲ್ಲೇ ಅದನ್ನು ಮಾಡಿಸಿದೆ. ಎಲ್‌ಎಕ್ಸ್‌ಸಿ ಅಂತ ಬಂತು, ಅಂದರೆ ಅದೂ ಕಂಟೈನರ್. ಏಳು ದಿನದೊಳಗೆ ಬೇಡ ಅಂದರೆ ದುಡ್ಡು ವಾಪಸ್ ಅಂತ ಅವನ ಪ್ಲಾನ್‌ನಲ್ಲಿ ಇತ್ತು. ಅವತ್ತಿಗೆ ಐದನೇ ದಿನ. ಫೋನ್ ಇಡುವ ಮುಂಚೆಯೇ ಇಮೇಲ್ ಬರೆಸಿದೆ.