ಗಾಳಿ ತುಂಬುವ ಬೋರ್ಡೋ, ಹಳೆಯ ಗಟ್ಟಿ ಬೋರ್ಡೋ? ಕಾರವಾರದ ಗಾಳಿಗೆ ಯಾವುದು ಸರಿ

ಕಾರವಾರದ ಕಡಲಲ್ಲಿ ಹಾಯಿ ಕಟ್ಟಿದ ಬೋರ್ಡಿನ ಮೇಲೆ ನಿಂತು ಗಾಳಿಯಲ್ಲಿ ಸಾಗುವ ವಿಂಡ್‌ಸರ್ಫಿಂಗ್ ಶುರು ಮಾಡುವ ಮನಸ್ಸಿದ್ದರೆ, ಡ್ಯಾಗರ್‌ಬೋರ್ಡ್ (ಬೋರ್ಡಿನ ಹೊಟ್ಟೆಯಿಂದ ನೀರಿಗೆ ಇಳಿಸುವ ಅಲಗು) ಇರುವ ಸೆಕೆಂಡ್ ಹ್ಯಾಂಡ್ ಗಟ್ಟಿ ಬೋರ್ಡೇ ತಗೊಳ್ಳಿ. ಚೀಲದಲ್ಲಿ ಮಡಚಿ ಬರುವ, ಪಂಪು ಹೊಡೆದು ಉಬ್ಬಿಸುವ ಹೊಸ ಕಿಟ್ ನೋಡಲು ಚಂದ, ಸಾಗಿಸಲು ಸುಲಭ, ಮನೆಯಲ್ಲಿ ಮಂಚದಡಿ ಹಿಡಿಯುತ್ತದೆ. ಆದರೂ ಎರಡನ್ನೂ ಇಲ್ಲಿನ ನೀರಿನಲ್ಲಿ ಓಡಿಸಿ ನೋಡಿದ ಮೇಲೆ ನನ್ನ ಮತ ಗಟ್ಟಿ ಬೋರ್ಡಿಗೆ. ಕಾರಣ ಮುಖ್ಯವಾಗಿ ಒಂದೇ. ಅದನ್ನು ಉದ್ದಕ್ಕೆ ಬರೆದಿದ್ದೇನೆ, ಉಳಿದದ್ದೆಲ್ಲ ಚಿಲ್ಲರೆ.

ಹೋಲಿಕೆಗೆ ತೆಗೆದುಕೊಂಡ ಜೋಡಿ ಇದು. ಒಂದು, ನಿಂತು ಹುಟ್ಟು ಹಾಕುವ ಸ್ಟ್ಯಾಂಡಪ್ ಪ್ಯಾಡಲ್ ಬೋರ್ಡಿನ ಜಾತಿಯ ಉಬ್ಬಿಸುವ ಬೋರ್ಡು: 15 ಸೆಂ.ಮೀ. ದಪ್ಪ, ನಡುವೆ ಹಾಯಿಕಂಬ ಕೂರಿಸಲು ಎಂ8 ತಿರುಪಿನ ಕುಳಿ, ಜೊತೆಗೆ ತುಂಡು ತುಂಡಾಗಿ ಬಿಚ್ಚುವ ಕಂಬ, ಡೇಕ್ರಾನ್ ಬಟ್ಟೆಯ ಹಾಯಿ. ಇನ್ನೊಂದು ಟೆಕ್ನೋ 293: ಉದ್ದ 293 ಸೆಂ.ಮೀ., ಅಗಲ 79 ಸೆಂ.ಮೀ., 205 ಲೀಟರ್. ಹದಿಹರೆಯದವರ ಅಂತರರಾಷ್ಟ್ರೀಯ ರೇಸಿನ ಬೋರ್ಡು ಇದು. ಹುಡುಗರು ಬೆಳೆದು ಮುಂದಿನ ಕ್ಲಾಸಿಗೆ ಹೋದ ಹಾಗೆ ಹಳೆಯವು ಕೈ ಬದಲಾಗುತ್ತವೆ. ನಮಗೆ ಹುಡುಕಲು ಹತ್ತಿರದ ಜಾಗ ಗೋವಾ. ಹೊಸಬರ ಬೋರ್ಡು ಮೈತೂಕಕ್ಕೆ 100 ಸೇರಿಸಿದಷ್ಟು ಲೀಟರ್ ಇರಬೇಕು ಎನ್ನುವುದು ರೂಢಿಯ ಲೆಕ್ಕ. 70 ಕೆ.ಜಿ. ಆಳಿಗೆ ಎರಡೂ ಆರಾಮಾಗಿ ಸಾಕು, ಹಾಗಾಗಿ ತೇಲುವ ವಿಷಯದಲ್ಲಿ ತಕರಾರಿಲ್ಲ.

ಕಂಬವಿಲ್ಲದೆ ಕೈಯಲ್ಲೇ ಹಿಡಿಯುವ ವಿಂಗ್ ಎಂಬ ಹಾಯಿಯ ಬಗ್ಗೆ ಕೇಳುವವರಿಗೆ: ಅದರ ಮಜಾ ಇರುವುದು ಬೋರ್ಡನ್ನು ನೀರಿನಿಂದ ಮೇಲೆತ್ತುವ ಫಾಯಿಲ್ ಎಂಬ ನೀರೊಳಗಿನ ರೆಕ್ಕೆ ಹಾಕಿದಾಗ, ಫಾಯಿಲ್‌ಗೆ ಬೇಕಾದ ಆಳ ನಮ್ಮ ದಡದಲ್ಲಿ ಬೇಗ ಸಿಗುವುದಿಲ್ಲ. ಸದ್ಯ ಬಿಡಿ.

ಈಗ ಗಾಳಿಯ ವಿಷಯ. ಡಿಸೆಂಬರಿನಿಂದ ಮೇವರೆಗೆ ಇಲ್ಲಿನ ದಿನಚರಿ ಹೆಚ್ಚುಕಮ್ಮಿ ಒಂದೇ. ಬೆಳಿಗ್ಗೆ ಘಟ್ಟದ ಕಡೆಯಿಂದ ಮೂಡುಗಾಳಿ, ಮಧ್ಯಾಹ್ನದ ಹೊತ್ತಿಗೆ ಅದು ಸತ್ತು, ಊಟದ ನಂತರ ವಾಯವ್ಯದಿಂದ ಕಡಲಗಾಳಿ. ಮೂರು ನಾಲ್ಕು ಗಂಟೆಗೆ ಅದರ ಜೋರು. ದೂರದ ನೀರಿನಲ್ಲಿ ಅಲ್ಲೊಂದು ಇಲ್ಲೊಂದು ಬಿಳಿನೊರೆ ಕಂಡರೆ 8ರಿಂದ 10 ನಾಟ್ (ಒಂದು ನಾಟ್ ಎಂದರೆ ಗಂಟೆಗೆ 1.85 ಕಿ.ಮೀ.), ಅದು ಕಲಿಯುವವರ ಗಾಳಿ. ಎಲ್ಲೆಲ್ಲೂ ನೊರೆ ಎದ್ದಿದ್ದರೆ 12 ದಾಟಿದೆ, ಹೊಸಬರು ದಡದಲ್ಲಿ ಕೂತು ನೋಡುವುದು ಒಳ್ಳೆಯದು. ಬೆಳಗಿನ ಮೂಡುಗಾಳಿಗೆ ನೀರು ಕನ್ನಡಿಯ ಹಾಗೆ ಕಂಡು ಆಸೆ ಹುಟ್ಟಿಸುತ್ತದೆ, ಇಳಿಯಬೇಡಿ. ಅದು ನಿಮ್ಮನ್ನು ನೇರ ಹೊರಗಡಲಿನ ದೇವಗಡ ದ್ವೀಪದ ದೀಪಸ್ತಂಭದ ಕಡೆಗೆ ತಳ್ಳುವ ಗಾಳಿ. ದಡದ ಹತ್ತಿರ ಮೆತ್ತಗೆ ಇದ್ದದ್ದು ಒಳಗೆ ಹೋದಂತೆ ಜೋರಾಗುತ್ತದೆ.

ಟ್ಯಾಗೋರ್ ಕಡಲತೀರ ಪಶ್ಚಿಮಕ್ಕೆ ಮುಖ ಮಾಡಿದೆ. ವಾಯವ್ಯದ ಗಾಳಿ ದಡಕ್ಕೆ ಓರೆಯಾಗಿ ಬಡಿಯುತ್ತದೆ. ಇದರ ಒಳ್ಳೆಯ ಗುಣ, ಏನೇ ಎಡವಟ್ಟಾದರೂ ಕೊನೆಗೆ ದಡಕ್ಕೇ ಬಂದು ಬೀಳುತ್ತೀರಿ. ಕೆಟ್ಟ ಗುಣ, ಇಳಿದ ಜಾಗಕ್ಕೆ ಬರುವುದಿಲ್ಲ, ದಕ್ಷಿಣಕ್ಕೆ, ಬೈತಖೋಲ್ ಬಂದರಿನ ಕಡೆಗೆ ಜಾರುತ್ತ ಹೋಗುತ್ತೀರಿ. ಉಬ್ಬಿಸುವ ಬೋರ್ಡು ಸೋಲುವುದು ಇಲ್ಲೇ.

ಹಾಯಿಗೆ ಬೀಳುವ ಒತ್ತಡದಲ್ಲಿ ಮುಂದಕ್ಕೆ ಎಳೆಯುವ ಪಾಲು ಸ್ವಲ್ಪ, ಪಕ್ಕಕ್ಕೆ ತಳ್ಳುವ ಪಾಲು ಜಾಸ್ತಿ. ಪಕ್ಕದ ತಳ್ಳಾಟವನ್ನು ನೀರಿನೊಳಗೆ ಏನಾದರೂ ತಡೆಯಬೇಕು. ವೇಗ ಇದ್ದಾಗ ಬೋರ್ಡಿನ ಹಿಂದುಗಡೆ ಅಡಿಯಲ್ಲಿರುವ ಫಿನ್ ಎಂಬ ಸಣ್ಣ ರೆಕ್ಕೆ ಒಂದೇ ಸಾಕು. ಹೊಸಬರ ವೇಗ ನಡಿಗೆಯ ವೇಗ, ಆ ವೇಗದಲ್ಲಿ ಫಿನ್ ಹೆಸರಿಗೆ ಮಾತ್ರ. ಗಟ್ಟಿ ಬೋರ್ಡಿನ ಹೊಟ್ಟೆಯಿಂದ ಇಳಿಯುವ ಡ್ಯಾಗರ್‌ಬೋರ್ಡ್ ಎಂಬ ಉದ್ದನೆಯ ಅಲಗು ಆಗ ಕೆಲಸಕ್ಕೆ ಬರುತ್ತದೆ. ಬೋರ್ಡು ನಿಂತೇ ಇದ್ದರೂ ಅದು ನೀರನ್ನು ಕಚ್ಚಿ ಹಿಡಿಯುತ್ತದೆ. ಉಬ್ಬಿಸುವ ಬೋರ್ಡಿಗೆ ಅದಿಲ್ಲ. ಅಂಚು ದಪ್ಪ ಮತ್ತು ದುಂಡು, ನೀರಿನ ಮೇಲೆ ಎತ್ತರಕ್ಕೆ ತೇಲುವುದರಿಂದ ಬೋರ್ಡಿಗೇ ಗಾಳಿ ಬಡಿದು ಇನ್ನಷ್ಟು ಜಾರಿಸುತ್ತದೆ.

ಲೆಕ್ಕ ಹಾಕಿ ನೋಡಿ. ಗಾಳಿಯ ದಿಕ್ಕಿಗೆ 50 ಡಿಗ್ರಿ ಓರೆಯಲ್ಲಿ ಬೋರ್ಡು ಸಾಗಿದರೆ, ಪ್ರತಿ 100 ಮೀಟರಿಗೆ ಗಾಳಿಗೆದುರಾಗಿ 64 ಮೀಟರ್ ಗಳಿಕೆ. ಡ್ಯಾಗರ್‌ಬೋರ್ಡ್ ಪೂರ್ತಿ ಇಳಿಸಿದರೆ ಇದು ಸಾಧ್ಯ. ಅಡ್ಡ ಜಾರಾಟವೆಲ್ಲ ಸೇರಿ ನಿಜವಾದ ದಾರಿ 80 ಡಿಗ್ರಿಗೆ ಹೋದರೆ ಗಳಿಕೆ ಬರೇ 17 ಮೀಟರ್. ತಿರುಗಿಸುವಾಗ ಒಮ್ಮೆ ಬಿದ್ದು, ಬೋರ್ಡು ಹತ್ತಿ, ಹಗ್ಗ ಎಳೆದು ಹಾಯಿ ಎತ್ತುವಷ್ಟರಲ್ಲಿ ಆ 17 ಮೀಟರೂ ಹೋಯಿತು. ಹೊಸಬರು ಬೀಳುವುದು ಒಮ್ಮೆಯಲ್ಲ. ಹಾಗಾಗಿ ಉಬ್ಬಿಸುವ ಬೋರ್ಡಿನಲ್ಲಿ ಹೊರಟವರು ಮಧ್ಯಾಹ್ನದ ಅರ್ಧ ಪಾಲನ್ನು ಹೊಯ್ಗೆಯ ಮೇಲೆ ಬೋರ್ಡು ಎಳೆದುಕೊಂಡು ವಾಪಸ್ ನಡೆಯುವುದರಲ್ಲೇ ಕಳೆಯುತ್ತಾರೆ. ಅಷ್ಟೇ ಗಾಳಿಯಲ್ಲಿ ಗಟ್ಟಿ ಬೋರ್ಡಿನವರು ಇಳಿದ ಜಾಗದ ಎದುರಲ್ಲೇ ಹೋಗಿ ಬಂದು ಮಾಡುತ್ತಿರುತ್ತಾರೆ. ಕಲಿಕೆ ಎಂದರೆ ಕಾಲು ಬೋರ್ಡಿನ ಮೇಲಿದ್ದ ಹೊತ್ತು, ನಡೆದ ಹೊತ್ತಲ್ಲ.

ಸರಿಪಡಿಸಲು ಬರುತ್ತದೆಯೇ? ಅರೆಬರೆ. ಕಂಬದ ಹಿಂದೆ ನಡುವಿನ ಫಿನ್ ಹಾಕುವ ಪೆಟ್ಟಿಗೆ ಇರುವ ಮಾದರಿಯನ್ನೇ ಕೊಳ್ಳಿ. ಅದಿಲ್ಲದಿದ್ದರೆ ಹಾಯಿ ಇದ್ದರೂ ಅದು ಪ್ಯಾಡಲ್ ಬೋರ್ಡೇ. 15 ಪಿಎಸ್‌ಐವರೆಗೆ ತುಂಬಲು ಅನುಮತಿ ಇದ್ದರೆ ಅಷ್ಟೂ ತುಂಬಿ. 10ಕ್ಕೇ ಕೈ ಸೋತು ಬಿಟ್ಟರೆ ಕಂಬದ ಬುಡದಲ್ಲಿ ಬೋರ್ಡು ಬಾಗುತ್ತದೆ, ಪ್ರತಿ ಅಲೆಗೂ ಕಂಬ ಕುಣಿಯುತ್ತದೆ. ಇನ್ನೊಂದು, ಪಂಪಿನ ಕೊಳವೆ ಸಿಕ್ಕಿಸುವ ಮೊದಲು ವಾಲ್ವಿನ ನಡುವಿನ ಗುಂಡಿ ಮೇಲೆ ಎದ್ದಿದೆಯೇ ನೋಡಿ. ಒತ್ತಿಕೊಂಡಿದ್ದರೆ ಕೊಳವೆ ತೆಗೆದ ಕೂಡಲೇ ಅಷ್ಟೂ ಗಾಳಿ ಹೊರಗೆ. ವಾಲ್ವಿನ ರಬ್ಬರಿನಲ್ಲಿ ಒಂದು ಕಾಳು ಹೊಯ್ಗೆ ಕೂತರೂ ಸಣ್ಣಗೆ ಸೋರುತ್ತದೆ. ಉಬ್ಬಿಸಿದ್ದನ್ನು ಮಾರ್ಚ್ ಬಿಸಿಲಿನ ಹೊಯ್ಗೆಯ ಮೇಲೆ ಬಿಟ್ಟು ಚಾಕ್ಕೆ ಹೋಗಬೇಡಿ, ಒಳಗಿನ ಗಾಳಿ ಹಿಗ್ಗಿ ಹೊಲಿಗೆಯ ಮೇಲೆ ಒತ್ತಡ ಬೀಳುತ್ತದೆ. ನೆರಳಿಲ್ಲದಿದ್ದರೆ ಸ್ವಲ್ಪ ಗಾಳಿ ಬಿಟ್ಟಿಡಿ.

ಗಟ್ಟಿ ಬೋರ್ಡಿಗೂ ಒಂದು ರೋಗ ಇದೆ, ಅದೂ ಇದೇ ಡ್ಯಾಗರ್‌ಬೋರ್ಡಿನದು. ಅಲಗು ಕೂರುವ ಸೀಳಿಗೆ ಹೊಯ್ಗೆ ಹೊಕ್ಕರೆ ಅದು ಇಳಿಯುವುದೂ ಇಲ್ಲ, ಏರುವುದೂ ಇಲ್ಲ. ನಮ್ಮ ದಡದ ಹೊಯ್ಗೆ ನುಣುಪು, ಅಲೆ ಒಡೆಯುವ ಕಡೆ ನೀರಿನಲ್ಲೇ ಕಲಸಿಕೊಂಡಿರುತ್ತದೆ. ಮೊಣಕಾಲು ನೀರಿನಲ್ಲಿ ಬೋರ್ಡು ಇಟ್ಟು ಒಂದು ಅಲೆ ಅದನ್ನು ನೆಲಕ್ಕೆ ಉಜ್ಜಿದರೂ ಸೀಳಿನ ಎರಡು ಕಡೆಯ ರಬ್ಬರ್ ತುಟಿಗಳ ನಡುವೆ ಹೊಯ್ಗೆ ತುಂಬಿಕೊಳ್ಳುತ್ತದೆ. ಆಗ ಮೇಲಿನ ಹಿಡಿಯನ್ನು ಕಾಲಲ್ಲಿ ಒದೆಯುವುದು ಎಲ್ಲರ ಮೊದಲ ಬುದ್ಧಿ. ಹಾಗೆ ಮಾಡಿದರೆ ಹಿಡಿ ಮುರಿಯುತ್ತದೆ, ಬಿಡಿಭಾಗಕ್ಕೆ ಊರೂರು ಅಲೆಯಬೇಕು. ಹಾಯಿ ಕಳಚಿ, ಸೊಂಟದ ನೀರಿನಲ್ಲಿ ಬೋರ್ಡು ಮಗುಚಿ, ಸೀಳಿಗೆ ನೀರು ಹೊಯ್ಯುತ್ತ ಅಲಗನ್ನು ಸ್ವಲ್ಪ ಸ್ವಲ್ಪ ಅಲ್ಲಾಡಿಸಿ. ಬಿಡುತ್ತದೆ. ಹೋಗುವಾಗ ಬರುವಾಗ ಸೊಂಟದ ನೀರಿನವರೆಗೆ ಬೋರ್ಡನ್ನು ಎತ್ತಿಯೇ ಸಾಗಿಸಿದರೆ ಈ ಪಾಡೇ ಇಲ್ಲ. ಮನೆಗೆ ಬಂದ ಮೇಲೆ ಅಲಗನ್ನು ಪೂರ್ತಿ ಹೊರತೆಗೆದು ಸಿಹಿನೀರಲ್ಲಿ ತೊಳೆಯಿರಿ. ರಬ್ಬರ್ ತುಟಿ ಸವೆದು ಬಾಯಿ ಬಿಟ್ಟಿದ್ದರೆ ಹಳೆಯದನ್ನು ಕಿತ್ತು, ಜಾಗ ಒರೆಸಿ ಒಣಗಿಸಿ, ಚಪ್ಪಲಿ ರಿಪೇರಿಯವರು ಬಳಸುವ ರಬ್ಬರ್ ಅಂಟಿನಿಂದ ಹೊಸ ಪಟ್ಟಿ ಕೂರಿಸಿ. ಅಂಟನ್ನು ಎರಡೂ ಕಡೆ ಹಚ್ಚಿ, ಕೈಗೆ ಅಂಟದಷ್ಟು ಒಣಗಿದ ಮೇಲೆಯೇ ಒತ್ತಬೇಕು.

ಹಳೆಯದನ್ನು ಕೊಳ್ಳುವಾಗ ಹಾಯಿಯನ್ನು ಬೇರೆಯಾಗಿ ನೋಡಿ. ಟೆಕ್ನೋ ಜೊತೆ ಬರುವುದು ಹೆಚ್ಚಾಗಿ ರೇಸಿನ 6.8 ಅಥವಾ 7.8 ಚದರ ಮೀಟರಿನ ಹಾಯಿ. ಅದನ್ನು ನೀರಿನಿಂದ ಎತ್ತಿ ಎತ್ತಿ ಒಂದೇ ಸಂಜೆಗೆ ಸೊಂಟ ಹಿಡಿದುಕೊಳ್ಳುತ್ತದೆ. ದೊಡ್ಡವರು ಕಲಿಯಲು 4.5ರಿಂದ 5.5 ಸಾಕು. ಹಾಯಿಯ ಬುಡದಲ್ಲಿ ಯಾವ ಉದ್ದದ ಕಂಬ ಎಂದು ಬರೆದಿರುತ್ತದೆ, ಸೆಂ.ಮೀ. ಲೆಕ್ಕದಲ್ಲಿ 400, 430, 460 ಎಂದು. ಕಂಬ ಎರಡು ಜಾತಿ, ಬುಡ 48 ಮಿ.ಮೀ. ಇರುವ ದಪ್ಪನೆಯದು, 32 ಮಿ.ಮೀ. ಇರುವ ಸಣ್ಣದು. ಒಂದರ ಎಕ್ಸ್‌ಟೆನ್ಷನ್ (ಕಂಬದ ಬುಡಕ್ಕೆ ಸೇರಿಸಿ ಉದ್ದ ಹೊಂದಿಸುವ ತುಂಡು) ಇನ್ನೊಂದಕ್ಕೆ ಹೋಗುವುದಿಲ್ಲ. ಎಕ್ಸ್‌ಟೆನ್ಷನ್ ಬೋರ್ಡಿಗೆ ಕೂರುವ ಕಡೆಯೂ ಎರಡು ಪದ್ಧತಿ: ಯೂರೋ ಪಿನ್, ಯುಎಸ್ ಕಪ್. ಫೋಟೋ ನೋಡಿ ದುಡ್ಡು ಹಾಕಿದವರಲ್ಲಿ ಬಹಳ ಜನ ಸಿಕ್ಕಿಬೀಳುವುದು ಇಲ್ಲಿ. ಮಾರುವವರಿಗೆ ಎಲ್ಲ ಜೋಡಿಸಿ ನಿಲ್ಲಿಸಿದ ವಿಡಿಯೋ ಕಳಿಸಲು ಹೇಳಿ. ಕಂಬದ ಬುಡದ ರಬ್ಬರ್ ಜಾಯಿಂಟನ್ನು ಕೈಯಲ್ಲಿ ಮಡಚಿ ನೋಡಿ, ಕೂದಲಿನಷ್ಟು ಬಿರುಕು ಕಂಡರೂ ಬದಲಿಸಿ. ಕಡಲಲ್ಲಿ ಅದು ತುಂಡಾದರೆ ಹಾಯಿ ಒಂದು ಕಡೆ, ನೀವು ಇನ್ನೊಂದು ಕಡೆ. ಈ ಗೊಂದಲ ಯಾವುದೂ ಉಬ್ಬಿಸುವ ಕಿಟ್ಟಿನಲ್ಲಿಲ್ಲ, ಎಲ್ಲ ಒಂದಕ್ಕೊಂದು ಹೊಂದಿಯೇ ಬರುತ್ತದೆ. ಅದರ ನಿಜವಾದ ಅನುಕೂಲ ಇದು.

ಸಾಗಾಟದಲ್ಲಿ ಉಬ್ಬಿಸುವುದೇ ಗೆಲ್ಲುತ್ತದೆ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಬರುವವರು ಅದನ್ನು ಬಸ್ಸಿನಲ್ಲೂ ತರಬಹುದು. ಗಟ್ಟಿ ಬೋರ್ಡಿಗೆ ಕಾರಿನ ಮೇಲೆ ಕ್ಯಾರಿಯರ್ ಬೇಕು, ಪಟ್ಟಿಗಳಿಗೆ ಒಂದೊಂದು ತಿರುಚು ಕೊಟ್ಟು ಬಿಗಿಯಬೇಕು, ಇಲ್ಲದಿದ್ದರೆ ದಾರಿಯುದ್ದಕ್ಕೂ ಬಡಬಡ ಸದ್ದು.

ಅಲೆ ಬೇಡ ಎನ್ನುವವರು ಕಾಳಿ ನದಿಯ ಅಳಿವೆಯ ಒಳಗೆ ಇಳಿಯುತ್ತಾರೆ. ನೀರು ಸಪಾಟು, ಉಬ್ಬಿಸುವ ಬೋರ್ಡು ಅಲ್ಲಿ ಸುಮಾರಾಗಿ ನಡೆಯುತ್ತದೆ. ಆದರೆ ಭರತಿ ಏರುವಾಗ ಗಾಳಿಯೂ ನೀರೂ ಸೇರಿ ಸೇತುವೆಯ ಕಂಬಗಳ ಕಡೆಗೆ ತಳ್ಳುತ್ತವೆ. ಇಳಿತದಲ್ಲಿ ನೀರು ಸಮುದ್ರಕ್ಕೆ ಎಳೆಯುತ್ತದೆ, ಎದುರಿನ ಪಡುಗಾಳಿಗೆ ಸಿಕ್ಕಿ ಅಳಿವೆಬಾಯಲ್ಲಿ ಗಿಡ್ಡ, ಕಡಿದಾದ ಅಲೆ ಏಳುತ್ತದೆ. ಭರತಿ ತುಂಬಿ ನಿಂತ ಸ್ವಲ್ಪ ಹೊತ್ತು ಮಾತ್ರ ಅಲ್ಲಿ ಕಲಿಕೆಗೆ ಯೋಗ್ಯ. 2024ರ ಆಗಸ್ಟ್‌ನಲ್ಲಿ ಕುಸಿದ ಹಳೆ ಸೇತುವೆಯ ಜಾಗದ ಹತ್ತಿರ ಸುಳಿಯಲೇಬೇಡಿ. ಕಾಲಿಗೆ ರಬ್ಬರ್ ಶೂ ಕಡ್ಡಾಯ, ಬಳಚು ಚಿಪ್ಪು ಬ್ಲೇಡಿನಂತೆ ಕೊಯ್ಯುತ್ತದೆ.

ಯಾವ ಬೋರ್ಡಾದರೂ ಲೈಫ್ ಜಾಕೆಟ್ ಬೇಕು. ದಡಕ್ಕೆ ಎಳೆಯುವ ರಂಪಣಿ ಬಲೆ ಹಾಕಿರುವ ಕಡೆ ಇಳಿಯಬೇಡಿ, ಬಲೆಯ ಎರಡೂ ತುದಿ ಎಲ್ಲಿದೆ ಎಂದು ದಡದಲ್ಲಿದ್ದವರನ್ನೇ ಕೇಳಿ. ಬೈತಖೋಲಿನಿಂದ ದಕ್ಷಿಣಕ್ಕೆ ಅರ್ಗಾ ಕಡೆ ನೌಕಾನೆಲೆಯ ನೀರು, ಆ ದಿಕ್ಕಿಗೆ ಹೋಗುವ ಮಾತೇ ಬೇಡ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಬೋರ್ಡು ಮನೆಯಲ್ಲಿರಲಿ. ಬೇಸಿಗೆಯಲ್ಲೂ ಹೊರಡುವ ಮೊದಲು ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್‌ನ ಅಲೆ ಮುನ್ಸೂಚನೆ ನೋಡಿ.

ಕಾರವಾರದಲ್ಲೇ ಮನೆ, ನೆಲಮಾಳಿಗೆಯಲ್ಲಿ ಮೂರು ಮೀಟರ್ ಜಾಗ, ಮಧ್ಯಾಹ್ನ ಮೂರೂವರೆಗೆ ಕಡಲಿಗೆ ಇಳಿಯುವ ಬಿಡುವು ಇರುವ ನನ್ನಂಥವರಿಗೆ ಬೇರೆ ಯೋಚನೆ ಬೇಡ. ಹಾಕುವ ದುಡ್ಡೂ ಹಳೇ ಸ್ಕೂಟರಿನಷ್ಟೇ ಇದ್ದರೆ ಅದನ್ನು ಬೋರ್ಡಿನ ಬಣ್ಣಕ್ಕೆ ಸುರಿಯದೆ, ಗೀಚು ಬಿದ್ದ ಗಟ್ಟಿ ಬೋರ್ಡು ತಂದು ಉಳಿದದ್ದರಲ್ಲಿ 5 ಚದರ ಮೀಟರಿನ ಒಳ್ಳೆಯ ಹಾಯಿ ಕೊಳ್ಳಿ. ಮಹಡಿ ಮೇಲಿನ ಬಾಡಿಗೆ ಮನೆಯವರು, ತಿಂಗಳಿಗೊಮ್ಮೆ ಶಿರಸಿಯಿಂದ ಬರುವವರು ಉಬ್ಬಿಸುವುದನ್ನೇ ತಗೊಳ್ಳಬೇಕಾಗುತ್ತದೆ, ನಡುವಿನ ಫಿನ್ ಇರುವುದನ್ನು ಮಾತ್ರ. ಗಟ್ಟಿ ಬೋರ್ಡು ನೋಡಲು ಹೋಗುವಾಗ ಲಗೇಜು ತೂಗುವ ಸಣ್ಣ ತೂಕದ ಕೊಕ್ಕೆ ಒಯ್ಯಿರಿ. ಟೆಕ್ನೋ ಸುಮಾರು 12 ಕೆ.ಜಿ. ಬರಬೇಕು. 15 ತೋರಿಸಿದರೆ ಒಳಗೆ ನೀರು ಕುಡಿದಿದೆ ಎಂದರ್ಥ, ಎಷ್ಟು ಅಗ್ಗಕ್ಕೆ ಕೊಟ್ಟರೂ ಬಿಟ್ಟು ಬನ್ನಿ.