ಮನೆ ಮಾರುವ ಮುನ್ನ: ಅಡುಗೆಮನೆಗೋ, ತಾರಸಿಗೋ?

ಬೆಂಗಳೂರಿನಲ್ಲಿ ಹಳೆಯ ಸ್ವಂತ ಮನೆ ಮಾರಲು ಹೊರಟಿದ್ದೀರಿ, ಕೈಯಲ್ಲಿರುವ ಹಣ ಒಂದೇ ಕೆಲಸಕ್ಕೆ ಸಾಲುತ್ತದೆ ಎಂದುಕೊಳ್ಳಿ. ಮಾಡ್ಯುಲರ್ ಅಡುಗೆಮನೆ ಮಾಡಿಸುವುದೋ, ತಾರಸಿಯ ಸೋರಿಕೆ ನಿಲ್ಲಿಸುವುದೋ?

ಅಡುಗೆಮನೆ ಫೋಟೊದಲ್ಲಿ ಮಿಂಚುತ್ತದೆ, ಮನೆ ನೋಡಲು ಜನರನ್ನು ಕರೆತರುತ್ತದೆ. ಆದರೆ ನಿಮಗೆ ಇಷ್ಟವಾದ ಬಣ್ಣವನ್ನು ಬಂದವರು ಮೆಚ್ಚಬೇಕೆಂದೇನೂ ಇಲ್ಲ. ಮರದ ಚೂರುಗಳನ್ನು ಅಂಟಿನಿಂದ ಒತ್ತಿ ಮಾಡಿದ ಅಗ್ಗದ ಪಾರ್ಟಿಕಲ್ ಬೋರ್ಡ್ ಹಾಕಿಸಿದರಂತೂ ಸಿಂಕ್ ಕೆಳಗಿನ ಕಪಾಟಿನ ಅಂಚು ನೀರು ಕುಡಿದು ಉಬ್ಬುತ್ತದೆ. ಬುದ್ಧಿವಂತ ಗಿರಾಕಿ ಮೊದಲು ತೆರೆಯುವುದೇ ಆ ಕಪಾಟಿನ ಬಾಗಿಲನ್ನು. ಮಾಡಿಸುವುದೇ ಆದರೆ ನೀರು ತಾಳುವ ಮರೈನ್ ಪ್ಲೈವುಡ್, ಅಂದರೆ ಐಎಸ್ 710 ಎಂಬ ಭಾರತೀಯ ಮಾನಕದ ಗುರುತಿರುವುದನ್ನು ಕೇಳಿ, ಆದರೆ ಖರ್ಚು ಏರುತ್ತದೆ.

ತಾರಸಿಯ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೂ ನನ್ನ ಮತ ಅದಕ್ಕೇ. ಚಾವಣಿಯಲ್ಲಿ ಒಂದು ತೇವದ ಕಲೆ ಕಂಡರೆ ಸಾಕು, ಕೊಳ್ಳುವವರು ರಿಪೇರಿಯ ಖರ್ಚಿಗಿಂತ ಹೆಚ್ಚೇ ಚೌಕಾಸಿ ಮಾಡುತ್ತಾರೆ. ಸಡಿಲವಾದ ಗಾರೆ ಕೆತ್ತಿಸಿ, ಬಿರುಕು ತುಂಬಿಸಿ, ನೀರು ಕೊಳವೆಯತ್ತ ಹರಿಯುವಂತೆ ಇಳಿಜಾರು ಸರಿಪಡಿಸಿ, ಆಮೇಲೆ ಜಲನಿರೋಧಕ ಲೇಪನ ಹಚ್ಚಿಸಿ. ಅದು ಒಣಗಿದ ಬಳಿಕ ಎರಡು ದಿನ ನೀರು ಕಟ್ಟಿ ನಿಲ್ಲಿಸಿ, ಕೆಳಗಿನ ಚಾವಣಿ ಪರೀಕ್ಷಿಸಿ. ಕಲೆಯ ಮೇಲೆ ಬರೀ ಬಣ್ಣ ಬಳಿಯುವುದು ಮುಂದಿನ ಮಳೆಯವರೆಗಿನ ನಾಟಕ.

ಅಡುಗೆಮನೆಗೆ ಹೊಸ ನಲ್ಲಿ, ಒಳ್ಳೆಯ ದೀಪ, ಗ್ರಾನೈಟ್ ಕಟ್ಟೆಗೆ ಪಾಲಿಶ್ ಸಾಕು. ತಾರಸಿ ಸೋರದೆ ಗಟ್ಟಿಯಾಗಿದ್ದರೆ ಮಾತ್ರ ಲೆಕ್ಕ ಅಡುಗೆಮನೆಯತ್ತ ತಿರುಗುತ್ತದೆ. ಅಂದ ಹಾಗೆ, ಖಾತಾ ಗೊಂದಲದಲ್ಲಿದ್ದರೆ ಗಾರೆಯವರನ್ನು ಕರೆಯುವ ಮೊದಲು ಅದನ್ನು ಸರಿಪಡಿಸಿಕೊಳ್ಳಿ. ಕೊಳ್ಳುವವರಿಗೆ ಸಾಲ ಕೊಡುವ ಬ್ಯಾಂಕ್ ಮೊದಲು ಕಾಗದಪತ್ರ ಕೇಳುತ್ತದೆ.